ಲಿನಕ್ಸ್‌ಗೆ ಫೈರ್‌ವಾಲ್ ಬೇಕಾ, ಆಂಟಿವೈರಸ್ ಬೇಕಾ?

(ಲಿನಕ್ಸ್ ಬಳಸುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಫೈರ್‌ವಾಲ್, ಅಂದರೆ ನೆಟ್‌ವರ್ಕಿಂದ ಬರುವುದನ್ನು ತಡೆಯುವ ಕಾವಲು, ಆನ್ ಮಾಡಿಕೊಳ್ಳಿ, ದುಡ್ಡು ಖರ್ಚಿಲ್ಲ, ತಾಪತ್ರಯವೂ ಕಡಿಮೆ. ಆಂಟಿವೈರಸ್ ನಿಮ್ಮಲ್ಲಿ ಬಹುಪಾಲು ಜನರಿಗೆ ಬೇಡ. ಅವಸರ ಇರುವವರು ಇಷ್ಟು ಕೇಳಿಕೊಂಡು ಎದ್ದು ಹೋಗಬಹುದು. ಉಳಿದವರ ಹತ್ತಿರ ಇನ್ನೊಂದು ವಿಷಯ ಮಾತಾಡುವುದಿದೆ. ಇವೆರಡರ ಕಣ್ಣಿಗೂ ಬೀಳದ ಜಾಗ ಒಂದಿದೆ. ಲಿನಕ್ಸ್ ಡೆಸ್ಕ್‌ಟಾಪ್ ಬಳಸುವವರು ನಿಜವಾಗಿ ಹೆದರಬೇಕಾದ್ದು ಅದಕ್ಕೆ.

"ಲಿನಕ್ಸ್‌ಗೆ ವೈರಸ್ ಬರೋದೇ ಇಲ್ಲ" ಅನ್ನುವ ಮಾತು ನೀವೆಲ್ಲ ಕೇಳಿರುತ್ತೀರಿ. ನಿಮ್ಮಲ್ಲಿ ಕೆಲವರು ಅದನ್ನು ಹೇಳಿಯೇ ಗೆಳೆಯರಿಗೆ ಲಿನಕ್ಸ್ ಹಾಕಿಕೊಟ್ಟಿರುತ್ತೀರಿ, ಅಲ್ವಾ? ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಜವೂ ಅಲ್ಲ. 1996ರಲ್ಲೇ ಸ್ಟಾಗ್ ಅನ್ನುವ ಲಿನಕ್ಸ್ ವೈರಸ್ ಬಂದಿತ್ತು. ಮರುವರ್ಷ ಬ್ಲಿಸ್ ಬಂತು. ಎರಡೂ ಬಂದ ದಾರಿಗೆ ಸುಂಕವಿಲ್ಲದೆ ಹೋದವು. 2001ರಲ್ಲಿ ರಾಮೆನ್ ಅನ್ನುವ ವರ್ಮ್ (ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ಕೇಡಿನ ಪ್ರೋಗ್ರಾಮ್) ರೆಡ್ ಹ್ಯಾಟ್ ಲಿನಕ್ಸ್ 6.2 ಮತ್ತು 7.0 ಓಡುತ್ತಿದ್ದ ಸರ್ವರ್‌ಗಳಿಗೆ ನುಗ್ಗಿ, ಅಲ್ಲಿನ ವೆಬ್‌ಸೈಟಿನ ಮುಖಪುಟ ಕಿತ್ತುಹಾಕಿ ನೂಡಲ್ಸ್ ಮೇಲಿನ ತನ್ನ ಪ್ರೀತಿಯನ್ನು ಸಾರುವ ಪುಟ ಹಾಕಿಹೋಯಿತು. ಆ ಕಾಲದ ಕಿಡಿಗೇಡಿಗಳಿಗೆ ಅಷ್ಟರಲ್ಲೇ ತೃಪ್ತಿ ಇತ್ತು.

2016ರಲ್ಲಿ ಬಂದ ಮಿರಾಯ್ ಮಾತ್ರ ತಮಾಷೆಯಲ್ಲ. ಅದು ಹುಡುಕಿದ್ದು ರೌಟರ್‌ಗಳನ್ನು, ಕಾವಲು ಕ್ಯಾಮೆರಾಗಳನ್ನು. ಅವುಗಳ ಒಳಗೆಲ್ಲ ಓಡುವುದು ಲಿನಕ್ಸೇ. ಮಿರಾಯ್ ಹತ್ತಿರ ದೊಡ್ಡ ಮಂತ್ರವೇನೂ ಇರಲಿಲ್ಲ. ಕಾರ್ಖಾನೆಯಲ್ಲಿ ಇಟ್ಟುಕೊಡುವ ಯೂಸರ್ ನೇಮ್, ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಯ ಒಂದು ಪಟ್ಟಿ ಇತ್ತು. ದೂರದಿಂದ ಲಾಗಿನ್ ಆಗುವ ಹಳೆಯ ದಾರಿಯಾದ ಟೆಲ್‌ನೆಟ್ ತೆರೆದಿದ್ದ ಕಡೆಯೆಲ್ಲ ಒಂದೊಂದನ್ನೇ ಹಾಕಿ ನೋಡುತ್ತಿತ್ತು, ಅಷ್ಟೇ. ಹೀಗೆ ಸೇರಿಸಿಕೊಂಡ ಸೈನ್ಯವನ್ನು 2016ರ ಅಕ್ಟೋಬರ್ 21ರಂದು ಡೈನ್ ಅನ್ನುವ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಕಂಪನಿಯ ಮೇಲೆ ಛೂ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್‌ನಂಥ ಸೈಟುಗಳೇ ಎಷ್ಟೋ ಜನರಿಗೆ ತೆರೆಯದೆ ಹೋದವು.

ರಾಮೆನ್, ಮಿರಾಯ್ ಎರಡೂ ನೆಟ್‌ವರ್ಕ್ ಕಡೆಯಿಂದ, ಯಾವುದೋ ತೆರೆದ ಪೋರ್ಟಿನ (ನೆಟ್‌ವರ್ಕಿನ ಕಡೆಗಿರುವ, ನಂಬರ್ ಹಾಕಿದ ಬಾಗಿಲು) ಮೂಲಕ ಒಳಗೆ ಬಂದವು. ಯಾರೂ ಯಾವ ಫೈಲನ್ನೂ ಕ್ಲಿಕ್ ಮಾಡಿರಲಿಲ್ಲ. ಹಾಗಾಗಿ ಮೊದಲು ಪೋರ್ಟಿನ ವಿಷಯವನ್ನೇ ನೋಡೋಣ.

ಈಗ ಎಲ್ಲರೂ ಲ್ಯಾಪ್‌ಟಾಪ್ ತೆಗೆಯಿರಿ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮೊದಲು ಸುಡೊ (ಮುಂದಿನ ಕಮಾಂಡನ್ನು ಪೂರ್ಣ ಅಧಿಕಾರದಲ್ಲಿ ಓಡಿಸುವುದು), ಆಮೇಲೆ ಎಸ್ಎಸ್ ಅಂತ ಎರಡೇ ಅಕ್ಷರದ ಕಮಾಂಡ್, ಅದರ ಮುಂದೆ ಒಂದು ಹೈಫನ್, ಹೈಫನ್‌ಗೆ ಅಂಟಿಸಿ ಟಿ, ಯು, ಎಲ್, ಪಿ, ಎನ್. ಎಂಟರ್ ಒತ್ತಿ. ನಿಮ್ಮ ಯಂತ್ರದಲ್ಲಿ ಯಾವ ಯಾವ ಪ್ರೋಗ್ರಾಮ್ ಯಾವ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿದೆ ಅಂತ ಪಟ್ಟಿ ಬರುತ್ತದೆ.

ಒಂದೊಂದೇ ಸಾಲು ಓದೋಣ. 127.0.0.53, ಪೋರ್ಟ್ 53. ಇದು ಸಿಸ್ಟಮ್‌ಡಿಯ (ಲಿನಕ್ಸ್‌ನ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಡಿಎನ್‌ಎಸ್ ಸೇವೆ. 127ರಿಂದ ಶುರುವಾಗುವ ವಿಳಾಸ ಅಂದರೆ ಅದು ಈ ಯಂತ್ರದ ಒಳಗಿನ ಮಾತುಕತೆ, ಹೊರಗಿನವರಿಗೆ ಅದು ಸಿಗುವುದೇ ಇಲ್ಲ. ಬಿಡಿ. ಮುಂದಿನದು 127.0.0.1, ಪೋರ್ಟ್ 631. ಪ್ರಿಂಟರ್ ನೋಡಿಕೊಳ್ಳುವ ಕಪ್ಸ್. ಅದೂ ಒಳಗಿನದೇ, ಬಿಡಿ. ಪೋರ್ಟ್ 5353 ಅವಾಹಿ, ಅಕ್ಕಪಕ್ಕದ ಪ್ರಿಂಟರ್, ಟೀವಿ ಹುಡುಕಲು ಇರುವುದು. ಇದು ಹೊರಗೂ ಕಿವಿಗೊಟ್ಟಿದೆ, ಗಮನದಲ್ಲಿರಲಿ. ಈಗ ಈ ಸಾಲು ನೋಡಿ: 0.0.0.0, ಪೋರ್ಟ್ 22. ಎಸ್‌ಎಸ್‌ಎಚ್ ಸರ್ವರ್, ಅಂದರೆ ದೂರದಿಂದ ಲಾಗಿನ್ ಆಗಲು ಬಿಡುವುದು. ನಾಲ್ಕು ಸೊನ್ನೆ ಅಂದರೆ ಯಾವ ನೆಟ್‌ವರ್ಕಿಂದ ಯಾರು ಬಂದರೂ ಸರಿ ಅಂತ. ಎಂದೋ ಒಂದು ದಿನ ಫೈಲ್ ಕಾಪಿ ಮಾಡಲು ಹಾಕಿಕೊಂಡು ಮರೆತಿರುತ್ತೀರಿ. ಅದು ಇವತ್ತಿಗೂ ಕಾಯುತ್ತಾ ಕೂತಿದೆ.

ಕೈ ಎತ್ತಿ, ಗೊತ್ತಿಲ್ಲದ ಸಾಲು ಎಷ್ಟು ಜನರಿಗೆ ಕಾಣಿಸಿತು? ನೋಡಿ, ಅರ್ಧ ಸಭೆ. ಫೈರ್‌ವಾಲ್ ಯಾಕೆ ಬೇಕು ಅನ್ನುವುದಕ್ಕೆ ಇನ್ನು ನಾನು ಭಾಷಣ ಮಾಡಬೇಕಾಗಿಲ್ಲ.

"ಯಾವ ಪೋರ್ಟೂ ತೆರೆದಿಲ್ಲ ಅಂದ ಮೇಲೆ ಫೈರ್‌ವಾಲ್ ಯಾಕೆ, ಇಲ್ಲದ ಬಾಗಿಲಿಗೆ ಬೀಗ ಹಾಕಿದ ಹಾಗಲ್ವಾ?" ಅಂತ ಕೇಳುವವರು ಇದ್ದಾರೆ. ತರ್ಕ ಸರಿಯಾಗಿದೆ. ಉಬುಂಟು ಶುರುವಿನಿಂದ ಇದನ್ನೇ ಹೇಳಿಕೊಂಡು ಬಂದಿದೆ: ಹೊಸದಾಗಿ ಹಾಕಿದ ಡೆಸ್ಕ್‌ಟಾಪ್‌ನಲ್ಲಿ, ಒಂದೆರಡು ತೀರಾ ಬೇಕಾದ್ದನ್ನು ಬಿಟ್ಟು, ಹೊರಗಿನವರಿಗೆ ಯಾವ ಸೇವೆಯೂ ತೆರೆದಿರಬಾರದು. ಅದಕ್ಕೇ ಅಲ್ಲಿ ಯುಎಫ್‌ಡಬ್ಲ್ಯು ಅನ್ನುವ ಫೈರ್‌ವಾಲ್ ಸಾಧನ ಬಂದಿರುತ್ತದೆ, ಆದರೆ ಆಫ್ ಆಗಿರುತ್ತದೆ. ಈ ತರ್ಕ ಹೊಸ ಯಂತ್ರಕ್ಕೆ ಸರಿ. ಆದರೆ ನಾವು ಬಳಸುವುದು ಹೊಸ ಯಂತ್ರವನ್ನಲ್ಲ. ಎರಡು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಇನ್‌ಸ್ಟಾಲ್ ಮಾಡಿದ ಯಂತ್ರವನ್ನು.

2024ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಕಪ್ಸ್ ಬ್ರೌಸ್ಡ್ ಪ್ರಕರಣ ಇದಕ್ಕೆ ಒಳ್ಳೆ ಉದಾಹರಣೆ. ನೆಟ್‌ವರ್ಕಿನಲ್ಲಿರುವ ಪ್ರಿಂಟರ್‌ಗಳನ್ನು ತಾನಾಗಿ ಹುಡುಕಿ ಸೇರಿಸಿಕೊಳ್ಳುವ ಪುಟ್ಟ ಸೇವೆ ಅದು. ಅದು 631ನೇ ಯುಡಿಪಿ ಪೋರ್ಟಿನಲ್ಲಿ ಯಾರು ಮಾತಾಡಿದರೂ ಕೇಳಿಸಿಕೊಳ್ಳುತ್ತಿತ್ತು. ಹೊರಗಿನವನು "ಇಲ್ಲೊಂದು ಪ್ರಿಂಟರ್ ಇದೆ" ಅಂತ ಒಂದು ಪ್ಯಾಕೆಟ್ ಕಳಿಸಿದರೆ ಸಾಕು, ಅವನು ಹೇಳಿದ ವಿಳಾಸಕ್ಕೇ ಹೋಗಿ ವಿವರ ತರುತ್ತಿತ್ತು. ಆ ವಿವರದಲ್ಲಿ ಕಮಾಂಡ್ ಅಡಗಿಸಿಟ್ಟರೆ, ಆ ನಕಲಿ ಪ್ರಿಂಟರ್‌ಗೆ ನೀವು ಏನಾದರೂ ಪ್ರಿಂಟ್ ಕೊಟ್ಟ ಕೂಡಲೇ ಅದು ಓಡುತ್ತಿತ್ತು. ಈ ಸೇವೆಯನ್ನು ಬೇಕು ಅಂತ ಕೇಳಿ ಹಾಕಿಕೊಂಡವರು ಬಹಳ ಇರಲಿಕ್ಕಿಲ್ಲ. ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪ) ಜೊತೆಗೇ ಬಂದಿರುತ್ತಿತ್ತು. ಫೈರ್‌ವಾಲ್ ಆನ್ ಇದ್ದವರ ಹತ್ತಿರ ಆ ಪ್ಯಾಕೆಟ್ ಒಳಗೇ ಬರುತ್ತಿರಲಿಲ್ಲ. ಆಂಟಿವೈರಸ್‌ಗೆ ಇಲ್ಲಿ ಕೆಲಸವೇ ಇಲ್ಲ, ಯಾಕೆಂದರೆ ಪರೀಕ್ಷಿಸಲು ಅಲ್ಲಿ ವೈರಸ್ ಫೈಲ್ ಅಂತ ಯಾವುದೂ ಇಲ್ಲ.

ಹಾಕಿಕೊಳ್ಳುವುದು ಹೇಗೆ ಅನ್ನುವುದಕ್ಕೆ ಹೆಚ್ಚು ಹೊತ್ತು ಬೇಡ. ನಿಜವಾದ ಫೈರ್‌ವಾಲ್ ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೇ ಇದೆ. ನೆಟ್‌ಫಿಲ್ಟರ್ ಅನ್ನುವುದು 2001ರ 2.4 ಕರ್ನೆಲ್‌ನಿಂದ ಇದೆ, ಎನ್‌ಎಫ್‌ಟೇಬಲ್ಸ್ 2014ರ 3.13ರಿಂದ. ಯುಎಫ್‌ಡಬ್ಲ್ಯು, ಫೈರ್‌ವಾಲ್‌ಡಿ ಇವೆಲ್ಲ ಅದಕ್ಕೆ ನಿಯಮ ಬರೆದುಕೊಡುವ ಗುಮಾಸ್ತರು, ಅಷ್ಟೇ. ಹಾಗಾಗಿ ಯಾವುದು ಒಳ್ಳೆಯದು ಅಂತ ಜಗಳ ಬೇಡ, ನಿಮ್ಮ ಡಿಸ್ಟ್ರೋದಲ್ಲಿ ಯಾವುದಿದೆಯೋ ಅದನ್ನೇ ಬಳಸಿ. ಉಬುಂಟು, ಮಿಂಟ್ ಆದರೆ ಸುಡೊ ಯುಎಫ್‌ಡಬ್ಲ್ಯು ಎನೇಬಲ್. ಒಳಬರುವುದೆಲ್ಲ ಬಂದ್, ಹೊರಹೋಗುವುದೆಲ್ಲ ಮುಕ್ತ. ನೀವಾಗಿ ಶುರು ಮಾಡಿದ ಸಂಪರ್ಕಕ್ಕೆ ಬರುವ ಉತ್ತರಗಳನ್ನು ಕರ್ನೆಲ್ ನೆನಪಿಟ್ಟು ಒಳಗೆ ಬಿಡುತ್ತದೆ, ಬ್ರೌಸರ್‌ಗೆ ಏನೂ ಆಗುವುದಿಲ್ಲ. ಫೆಡೋರಾದಲ್ಲಿ ಫೈರ್‌ವಾಲ್‌ಡಿ ಮೊದಲಿನಿಂದಲೇ ಆನ್. ಆದರೆ ಅದರ ವರ್ಕ್‌ಸ್ಟೇಷನ್ ಆವೃತ್ತಿಯಲ್ಲಿ 1025ರಿಂದ 65535ರವರೆಗಿನ ಪೋರ್ಟುಗಳನ್ನು ಬಿಟ್ಟುಕೊಟ್ಟಿರುತ್ತಾರೆ. ಆನ್ ಇದೆ ಅಂತ ಮೈಮರೆತವರು ಒಮ್ಮೆ ನೋಡಿಕೊಳ್ಳಿ.

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಯುಎಫ್‌ಡಬ್ಲ್ಯು ಆನ್ ಮಾಡುವವರು ಮೊದಲು 22ನೇ ಪೋರ್ಟಿಗೆ ಅನುಮತಿ ಕೊಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಲಾಗಿನ್ ಆಗಲು ಹೋದಾಗ ಒಳಗೆ ಬಿಡುವುದಿಲ್ಲ, ಆಗ ತಲೆ ಮೇಲೆ ಕೈ ಹೊತ್ತು ಕೂರಬೇಕು.

"ನಮ್ಮ ರೌಟರ್‌ನಲ್ಲೇ ಎನ್‌ಎಟಿ ಇದೆ, ಹೊರಗಿನವರು ಒಳಗೆ ಬರೋಕೇ ಆಗಲ್ಲ" ಅನ್ನುವ ಮಾತು ಅರ್ಧ ನಿಜ. (ಎನ್‌ಎಟಿ ಅಂದರೆ ಮನೆಯ ಯಂತ್ರಗಳನ್ನೆಲ್ಲ ರೌಟರ್‌ನ ಒಂದೇ ವಿಳಾಸದ ಹಿಂದೆ ಇಡುವುದು.) ಲ್ಯಾಪ್‌ಟಾಪ್ ಹಿಡಿದು ಹೊರಗಿನ ವೈಫೈಗೆ ಸೇರಿದ ಕ್ಷಣ ಆ ರೌಟರ್ ನಿಮ್ಮ ಜೊತೆ ಇರುವುದಿಲ್ಲ. ಇಂಟರ್ನೆಟ್ ವಿಳಾಸದ ಹೊಸ ಪದ್ಧತಿಯಾದ ಐಪಿವಿ6 ಇದ್ದರೆ ಸಾಮಾನ್ಯವಾಗಿ ನಿಮ್ಮ ಯಂತ್ರಕ್ಕೇ ನೇರ ವಿಳಾಸ ಸಿಗುತ್ತದೆ, ಅಲ್ಲಿ ಎನ್‌ಎಟಿಯ ಮರೆ ಇಲ್ಲ.

ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುವವರು ಇಲ್ಲಿ ಸ್ವಲ್ಪ ಕಿವಿಗೊಡಿ. ಯುಎಫ್‌ಡಬ್ಲ್ಯು ಆನ್ ಇದೆ, ಸ್ಟೇಟಸ್ ಕೇಳಿದರೆ ಆಕ್ಟಿವ್ ಅನ್ನುತ್ತದೆ, 5432 ಪೋರ್ಟನ್ನು ನೀವು ಎಲ್ಲೂ ತೆರೆದಿಲ್ಲ. ಆದರೂ ನಿಮ್ಮ ಕಂಟೇನರಿನಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹೊರಗಿನಿಂದ ಸಿಗುತ್ತದೆ! ಯಾಕೆಂದರೆ ಯುಎಫ್‌ಡಬ್ಲ್ಯುವಿನ ಸಾಮಾನ್ಯ ನಿಯಮಗಳು ಕೂರುವುದು ಇನ್‌ಪುಟ್ ಚೈನ್‌ನಲ್ಲಿ, ಅಂದರೆ ಈ ಯಂತ್ರಕ್ಕೇ ಬಂದ ಪ್ಯಾಕೆಟ್‌ಗಳ ದಾರಿಯಲ್ಲಿ. ಡಾಕರ್ ಏನು ಮಾಡುತ್ತದೆ ಅಂದರೆ, ಪ್ಯಾಕೆಟ್ ಬಂದ ಕೂಡಲೇ ಅದರ ವಿಳಾಸ ಬದಲಿಸಿ ಕಂಟೇನರ್ ಕಡೆ ತಿರುಗಿಸಿಬಿಡುತ್ತದೆ. ಆಗ ಅದು ಫಾರ್ವರ್ಡ್ ಚೈನ್, ಅಂದರೆ ಬೇರೆ ಕಡೆಗೆ ದಾಟಿಸುವ ಪ್ಯಾಕೆಟ್‌ಗಳ ದಾರಿ, ಹಿಡಿಯುತ್ತದೆ. ಯುಎಫ್‌ಡಬ್ಲ್ಯು ಕಾಯುತ್ತಿದ್ದ ದಾರಿಗೆ ಬರುವುದೇ ಇಲ್ಲ. ಇದು ಕದ್ದುಮುಚ್ಚಿ ನಡೆಯುವುದಲ್ಲ, ಡಾಕರ್‌ನವರೇ ತಮ್ಮ ದಾಖಲೆಯಲ್ಲಿ ಬರೆದಿದ್ದಾರೆ. ಓದುವವರು ಕಡಿಮೆ, ಅಷ್ಟೇ. ಪರಿಹಾರ ಸುಲಭ: ಪೋರ್ಟ್ ಬರೆಯುವಾಗ ಬರೀ 5432:5432 ಅನ್ನಬೇಡಿ, 127.0.0.1:5432:5432 ಅಂತ ಬರೆಯಿರಿ. ಮಾಡಿದ ಮೇಲೆ ಇನ್ನೊಂದು ಯಂತ್ರದಿಂದ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಹಾಕಿ ನೋಡಿ. ಫೈರ್‌ವಾಲ್ ಕೆಲಸ ಮಾಡುತ್ತಿದೆಯೇ ಅಂತ ಆ ಫೈರ್‌ವಾಲನ್ನೇ ಕೇಳಿ ಪ್ರಯೋಜನವಿಲ್ಲ.

ಈಗ ಆಂಟಿವೈರಸ್.

ಲಿನಕ್ಸ್‌ನಲ್ಲಿ ಆಂಟಿವೈರಸ್ ಅಂದರೆ ಹೆಚ್ಚಿನವರಿಗೆ ಹೊಳೆಯುವುದು ಕ್ಲಾಮ್‌ಎವಿ. ಮುಕ್ತ ತಂತ್ರಾಂಶ, ಒಳ್ಳೆಯ ತಂತ್ರಾಂಶ, ಈಗ ಸಿಸ್ಕೋ ನೋಡಿಕೊಳ್ಳುತ್ತದೆ. ಆದರೆ ಅದು ಹೆಸರು ಮಾಡಿದ್ದು ಮೇಲ್ ಸರ್ವರ್‌ಗಳಲ್ಲಿ. ಲಿನಕ್ಸ್ ಸರ್ವರ್ ಮೂಲಕ ಹಾದುಹೋಗುವ ಮೇಲ್‌ನಲ್ಲಿ ವಿಂಡೋಸ್ ವೈರಸ್ ಇದ್ದರೆ ಹಿಡಿಯುವುದು ಅದರ ದೊಡ್ಡ ಕೆಲಸ. ಅದರ ಸಿಗ್ನೇಚರ್ (ವೈರಸ್ ಗುರುತು) ಪಟ್ಟಿಯ ಬಹುಭಾಗವೂ ವಿಂಡೋಸ್ ಮಾಲ್‌ವೇರ್‌ನದ್ದೇ. ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಸದಾ ಓಡಿಸಿಟ್ಟರೆ, ಒಂದು ಜಿಬಿಗಿಂತ ಜಾಸ್ತಿ ರ‍್ಯಾಮ್ ತಿನ್ನುತ್ತಾ ಅದು ಮುಖ್ಯವಾಗಿ ಕಾಯುವುದು ಬೇರೆಯವರ ಯಂತ್ರವನ್ನು.

ಒಂದು ಪ್ರಯೋಗ ಮಾಡಿ ನೋಡಿ. ಐಕಾರ್ ಅಂತ ಒಂದು ಪರೀಕ್ಷಾ ಫೈಲ್ ಇದೆ, 68 ಅಕ್ಷರದ್ದು. ನಿರಪಾಯಕಾರಿ. ಆಂಟಿವೈರಸ್ ಎಚ್ಚರವಾಗಿದೆಯೇ ಅಂತ ನೋಡಲೆಂದೇ ಮಾಡಿದ್ದು. ಕ್ಲಾಮ್‌ಎವಿಗೆ ಕೊಟ್ಟರೆ ಕೂಡಲೇ ಹಿಡಿಯುತ್ತದೆ. ಸಮಾಧಾನ ಆಯಿತು ಅಲ್ವಾ? ಈಗ ನೀವೇ ಎರಡು ಸಾಲಿನ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳ ಫೈಲ್) ಬರೆಯಿರಿ. ಹೋಮ್ ಫೋಲ್ಡರಿನ ಎಸ್‌ಎಸ್‌ಎಚ್ ಕೀಲಿಗಳನ್ನು (ಲಾಗಿನ್ ಆಗಲು ಬಳಸುವ ಗುಟ್ಟಿನ ಫೈಲುಗಳು) ಒಟ್ಟು ಮಾಡಿ, ನೆಟ್‌ವರ್ಕಿನಲ್ಲಿ ಫೈಲ್ ತರುವ, ಕಳಿಸುವ ಕರ್ಲ್ ಬಳಸಿ ಯಾವುದೋ ವಿಳಾಸಕ್ಕೆ ಕಳಿಸುವ ಸ್ಕ್ರಿಪ್ಟ್. ಓಡಿಸಬೇಡಿ, ಸುಮ್ನೆ ಸ್ಕ್ಯಾನ್ ಮಾಡಿಸಿ. ಓಕೆ ಅನ್ನುತ್ತದೆ. ಅದರ ತಪ್ಪೇನಿಲ್ಲ. ಅದರ ಪಟ್ಟಿಯಲ್ಲಿ ನಿಮ್ಮ ಸ್ಕ್ರಿಪ್ಟ್ ಇಲ್ಲ. ಬ್ಯಾಕಪ್ ಸ್ಕ್ರಿಪ್ಟಿಗೂ ಕಳ್ಳ ಸ್ಕ್ರಿಪ್ಟಿಗೂ ನೋಡಲು ವ್ಯತ್ಯಾಸವೂ ಇಲ್ಲ.

ಇನ್ನೊಂದು ವಿಷಯ ಜನ ಯೋಚಿಸುವುದಿಲ್ಲ. ಎಲ್ಲಿಂದಲೋ ಬಂದ ಪ್ರತಿಯೊಂದು ಫೈಲನ್ನೂ ಬಿಚ್ಚಿ ನೋಡುವುದೇ ಆಂಟಿವೈರಸ್‌ನ ಕಸುಬು. ಜಿಪ್, ಪಿಡಿಎಫ್, ಡಿಸ್ಕ್ ಇಮೇಜ್, ಎಲ್ಲವನ್ನೂ. ಈ ಬಿಚ್ಚುವ ಕೋಡ್‌ನಲ್ಲೇ ತಪ್ಪಿದ್ದರೆ? 2023ರ ಫೆಬ್ರವರಿಯಲ್ಲಿ ಕ್ಲಾಮ್‌ಎವಿಯಲ್ಲಿ ಅಂಥದ್ದೇ ಒಂದು ಸಿಕ್ಕಿತು. ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಇಮೇಜ್ ಓದುವ ಭಾಗದಲ್ಲಿ ದೋಷ. ಬೇಕೆಂದೇ ಕೆಡಿಸಿದ ಫೈಲ್ ಕಳಿಸಿದರೆ, ಸ್ಕ್ಯಾನ್ ಮಾಡುವ ಪ್ರೋಗ್ರಾಮೇ ದಾಳಿಕೋರನ ಕೋಡ್ ಓಡಿಸುವ ಸಾಧ್ಯತೆ ಇತ್ತು. ಸರಿಪಡಿಸಿದರು ಅನ್ನಿ. ಆದರೆ ಹಲವು ಆಂಟಿವೈರಸ್‌ಗಳು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ, ಓಡುತ್ತವೆ ಅನ್ನುವುದನ್ನು ಇದರ ಜೊತೆ ಸೇರಿಸಿ ನೋಡಿ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಹಾಗಾದರೆ ಯಾರಿಗೂ ಬೇಡವೇ? ಕೆಲವರಿಗೆ ಬೇಕು. ವಿಂಡೋಸ್ ಯಂತ್ರಗಳು ಬಳಸುವ ಸಾಂಬಾ ಫೈಲ್ ಸರ್ವರ್, ಮೇಲ್ ಸರ್ವರ್, ಊರವರೆಲ್ಲ ಫೈಲ್ ಅಪ್‌ಲೋಡ್ ಮಾಡುವ ವೆಬ್‌ಸೈಟ್ ನಡೆಸುವವರು ಹಾಕಿಕೊಳ್ಳಲೇಬೇಕು. ಕಾರ್ಡ್ ಪಾವತಿ ನಡೆಸುವ ಸಂಸ್ಥೆಗಳಿಗೆ ಪಿಸಿಐ ಡಿಎಸ್‌ಎಸ್ ನಿಯಮಾವಳಿಯ ಐದನೇ ಷರತ್ತೇ ಮಾಲ್‌ವೇರ್ ತಡೆಯ ಬಗ್ಗೆ ಇದೆ. ಅಲ್ಲಿ ವಾದಕ್ಕೆ ಜಾಗವಿಲ್ಲ.

ಮೊದಲಿಗೆ ಹೇಳಿದ, ಇವೆರಡರ ಕಣ್ಣಿಗೂ ಬೀಳದ ಜಾಗ ಅಂದರೆ ನಿಮ್ಮ ಕೀಬೋರ್ಡ್. ಕರ್ಲ್ ಹಾಕಿ, ಪೈಪ್ ಕೊಟ್ಟು, ಸುಡೊ ಬ್ಯಾಶ್. ಅಂದರೆ ಎಲ್ಲಿಂದಲೋ ಸ್ಕ್ರಿಪ್ಟ್ ಎಳೆದು, ಓದದೆಯೇ ಪೂರ್ಣ ಅಧಿಕಾರದಲ್ಲಿ ಓಡಿಸುವುದು. ಯಾವುದೋ ಸೈಟಿನಲ್ಲಿ ಕಂಡ ಈ ಒಂದು ಸಾಲನ್ನು ಕಾಪಿ ಮಾಡಿ ಅಂಟಿಸದವರು ಈ ಸಭೆಯಲ್ಲಿ ಯಾರಿದ್ದಾರೆ? ಫೈರ್‌ವಾಲ್ ಅದನ್ನು ತಡೆಯುವುದಿಲ್ಲ, ಸಂಪರ್ಕ ಶುರು ಮಾಡಿದ್ದು ನೀವೇ. ಆಂಟಿವೈರಸ್ ತಡೆಯುವುದು ಕಷ್ಟ, ಸ್ಕ್ರಿಪ್ಟ್ ಇವತ್ತಷ್ಟೇ ಬರೆದದ್ದು. ಸುಡೊ ಕೇಳುವ ಪಾಸ್‌ವರ್ಡ್ ತಡೆಯುವುದಿಲ್ಲ, ಅದನ್ನು ಟೈಪ್ ಮಾಡಿದ್ದೂ ನೀವೇ.

ಅಷ್ಟೇ ಅಲ್ಲ, ನಿಮ್ಮದನ್ನು ಕದಿಯಲು ರೂಟ್ ಬೇಕಾಗಿಯೂ ಇಲ್ಲ. ಬ್ರೌಸರ್‌ನಲ್ಲಿ ಉಳಿಸಿದ ಲಾಗಿನ್ ಕುಕಿಗಳು, ಕೀಲಿಗಳು, ಫೋಟೋಗಳು ಎಲ್ಲ ಇರುವುದು ಹೋಮ್ ಫೋಲ್ಡರಿನಲ್ಲಿ, ನಿಮ್ಮ ಹೆಸರಿನಲ್ಲಿ. ನಿಮ್ಮ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ಸಾಮಾನ್ಯವಾಗಿ ಅದೆಲ್ಲ ಸಿಗುತ್ತದೆ. ಒಂದುವೇಳೆ ಕಳ್ಳರಿಗೆ ರೂಟ್ ಬೇಕೇ ಬೇಕು ಅಂದರೆ, ಟರ್ಮಿನಲ್ ತೆರೆದಾಗಲೆಲ್ಲ ಓಡುವ ನಿಮ್ಮ ಬ್ಯಾಶ್‌ಆರ್‌ಸಿ ಫೈಲಿನ ಕೊನೆಗೆ ಒಂದು ಸಾಲು ಸೇರಿಸಿದರೆ ಸಾಕು: ಸುಡೊ ಅನ್ನುವ ಹೆಸರಿಗೆ ಅವರದೇ ಸ್ಕ್ರಿಪ್ಟ್‌ನ ಅಲಿಯಾಸ್, ಅಂದರೆ ಸುಡೊ ಅಂತ ಕರೆದರೆ ಓಡುವುದು ಅವರ ಸ್ಕ್ರಿಪ್ಟ್. ನಾಳೆ ನೀವು ಅಪ್‌ಡೇಟ್ ಮಾಡಲು ಸುಡೊ ಒತ್ತುತ್ತೀರಿ. ಎಂದಿನ ಹಾಗೆ ಪಾಸ್‌ವರ್ಡ್ ಕೇಳುತ್ತದೆ. ಕೊಡುತ್ತೀರಿ. ಅದು ಬರೆದಿಟ್ಟುಕೊಂಡು, ನಿಜವಾದ ಸುಡೊವನ್ನು ಕರೆದು ಅಪ್‌ಡೇಟನ್ನೂ ಮಾಡಿಸಿಕೊಡುತ್ತದೆ. ಪರದೆಯ ಮೇಲೆ ಅನುಮಾನ ಬರುವಂಥದ್ದು ಏನೂ ಇರುವುದಿಲ್ಲ.

ಇದು ಕಟ್ಟುಕಥೆಯಲ್ಲ, ದಾರಿಗಳು ಹಲವು ಸಲ ಬಳಕೆಯಾಗಿವೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಸೈಟಿಗೇ ನುಗ್ಗಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲಿಟ್ಟ ಐಎಸ್‌ಒಗೆ (ಇನ್‌ಸ್ಟಾಲ್ ಮಾಡಲು ಬಳಸುವ ಡಿಸ್ಕ್ ಫೈಲ್) ತಿರುಗಿಸಿದ್ದರು. 2018ರ ಮೇನಲ್ಲಿ ಉಬುಂಟುವಿನ ಸ್ನ್ಯಾಪ್ ಸ್ಟೋರ್‌ನಲ್ಲಿದ್ದ 2048 ಆಟದ ಒಂದು ಪ್ಯಾಕೇಜ್ ಒಳಗೊಳಗೇ ಕ್ರಿಪ್ಟೋ ಗಣಿಗಾರಿಕೆ ನಡೆಸುತ್ತಿತ್ತು. 2025ರ ಜುಲೈನಲ್ಲಿ ಆರ್ಚ್ ಲಿನಕ್ಸ್ ಬಳಕೆದಾರರೇ ಪ್ಯಾಕೇಜ್ ಹಾಕುವ ಎಯುಆರ್ ಭಂಡಾರಕ್ಕೆ ಫೈರ್‌ಫಾಕ್ಸ್, ಲಿಬ್ರೆವುಲ್ಫ್, ಝೆನ್ ಬ್ರೌಸರ್‌ಗಳ "ಸರಿಪಡಿಸಿದ" ಆವೃತ್ತಿ ಅನ್ನುವ ಹೆಸರಿನಲ್ಲಿ ಪ್ಯಾಕೇಜುಗಳು ಬಂದವು. ಒಳಗಿದ್ದದ್ದು ಯಂತ್ರವನ್ನು ದೂರದಿಂದ ಆಡಿಸುವ ಟ್ರೋಜನ್. ಒಂದೆರಡು ದಿನದಲ್ಲೇ ತೆಗೆದರು. ಆದರೆ ಅಷ್ಟರಲ್ಲಿ ಹಾಕಿಕೊಂಡವರು ಪ್ಯಾಕೇಜ್ ಕಟ್ಟುವ ಸ್ಕ್ರಿಪ್ಟನ್ನು ಒಮ್ಮೆ ಓದಿದ್ದರೆ, ಬೇರೆ ಯಾವುದೋ ಕಡೆಯಿಂದ ಏನನ್ನೋ ಎಳೆಯುತ್ತಿದೆ ಅನ್ನುವುದು ಅಲ್ಲೇ ಕಾಣುತ್ತಿತ್ತು.

ಫೈಲ್ ಕುಗ್ಗಿಸುವ ಎಕ್ಸ್‌ಝೆಡ್ ತಂತ್ರಾಂಶದ ಕಥೆ ಇನ್ನೂ ಒಂದು ಹೆಜ್ಜೆ ಮುಂದಿನದು. ವರ್ಷಗಟ್ಟಲೆ ಒಳ್ಳೆಯವನಂತೆ ಕೆಲಸ ಮಾಡಿ ನಂಬಿಕೆ ಗಳಿಸಿದ ಒಂದು ಖಾತೆ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿಸಿತು. ಅದನ್ನು 2024ರ ಮಾರ್ಚ್ 29ರಂದು ಹೊರಗೆ ಹಾಕಿದ್ದು ಯಾವ ಸ್ಕ್ಯಾನರೂ ಅಲ್ಲ. ಪೋಸ್ಟ್‌ಗ್ರೆಸ್ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಹೋದವರು. ಡೆಬಿಯನ್ ಡಿಸ್ಟ್ರೋದ ಸ್ಟೇಬಲ್ ರೂಪದಲ್ಲಿ ಇದ್ದವರಿಗೆ ಆ ಆವೃತ್ತಿ ತಲುಪಿಯೇ ಇರಲಿಲ್ಲ. ಹಳೆಯ ಪ್ಯಾಕೇಜು ಅಂತ ಸ್ಟೇಬಲ್ ಬಳಸುವವರನ್ನು ಗೇಲಿ ಮಾಡುವವರು ಆ ವಾರ ಸ್ವಲ್ಪ ತೆಪ್ಪಗಿದ್ದರು.

ಡಿಸ್ಟ್ರೋದ ಭಂಡಾರದಲ್ಲೇ ಇರುವುದನ್ನು ಹೊರಗಿನಿಂದ ತರಬೇಡಿ. ತರಲೇಬೇಕಾದರೆ ಸ್ಕ್ರಿಪ್ಟನ್ನು ಮೊದಲು ಫೈಲಾಗಿ ಇಳಿಸಿಕೊಂಡು ಓದಿ, ಅರ್ಥವಾಗದಿದ್ದರೆ ಅರ್ಥವಾಗುವವರಿಗೆ ತೋರಿಸಿ. ಅಪ್‌ಡೇಟುಗಳನ್ನು ಮುಂದೂಡಬೇಡಿ. ಸುಡೊದಂತೆಯೇ ಅಧಿಕಾರ ಕೊಡುವ ಪಿಕೆಎಕ್ಸೆಕ್‌ನಲ್ಲಿದ್ದ ಪ್ವನ್‌ಕಿಟ್ ದೋಷ 2009ರಿಂದ ಅಡಗಿ ಕೂತಿದ್ದು 2022ರಲ್ಲಿ ಗೊತ್ತಾಯಿತು. ಗೊತ್ತಾದ ದಿನದಿಂದ ಅಪ್‌ಡೇಟ್ ಮಾಡದವರಿಗೇ ಜಾಸ್ತಿ ಅಪಾಯ. ಸಾಧ್ಯವಾದರೆ, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ ಎಕ್ಸ್11 ಬಿಟ್ಟು ಹೊಸದಾದ ವೇಲ್ಯಾಂಡ್‌ಗೆ ಬನ್ನಿ. ಎಕ್ಸ್11ನಲ್ಲಿ ಒಂದು ಕಿಟಕಿಯಲ್ಲಿ ನೀವು ಒತ್ತುವ ಕೀಗಳನ್ನು ಇನ್ನೊಂದು ಪ್ರೋಗ್ರಾಮ್ ಆರಾಮಾಗಿ ಕೇಳಿಸಿಕೊಳ್ಳಬಹುದು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

"ಸರ್, ಆರ್‌ಕೆಹಂಟರ್ ಹಾಕ್ಕೊಂಡಿದ್ದೀನಿ. ದಿನಾ ನಾಲ್ಕೈದು ವಾರ್ನಿಂಗ್ ತೋರಿಸುತ್ತೆ. ಹೆದರಬೇಕಾ?"

ಆರ್‌ಕೆಹಂಟರ್ ಅಡಗಿ ಕೂತ ಮಾಲ್‌ವೇರ್ ಹುಡುಕುವ ಸಾಧನ. ಅದರ ವಾರ್ನಿಂಗುಗಳು ಬಹುತೇಕ ಹುಸಿ ಎಚ್ಚರಿಕೆಗಳು. ಅಪ್‌ಡೇಟ್ ಆದಾಗ ಫೈಲು ಬದಲಾಗುತ್ತದೆ, ಅದು ಕೂಗುತ್ತದೆ. ದಿನಾ ಕೂಗುವ ಸಾಧನದ ಮಾತನ್ನು ನಾಲ್ಕನೇ ದಿನಕ್ಕೆ ನೀವೇ ಕೇಳುವುದು ಬಿಡುತ್ತೀರಿ. ವಾರ್ನಿಂಗ್ ಓದಿ ಅರ್ಥ ಮಾಡಿಕೊಳ್ಳುವ ತಾಳ್ಮೆ ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ತೆಗೆಯಿರಿ.

"ಹೊರಗೆ ಹೋಗೋದನ್ನೂ ಫೈರ್‌ವಾಲ್‌ನಲ್ಲಿ ತಡೀಬಹುದಲ್ವಾ?"

ತಡೆಯಬಹುದು. ಓಪನ್‌ಸ್ನಿಚ್ ಅಂತ ಇದೆ, ಯಾವ ಪ್ರೋಗ್ರಾಮ್ ಎಲ್ಲಿಗೆ ಹೋಗಲು ಹೊರಟರೂ ನಿಮ್ಮನ್ನು ಕೇಳುತ್ತದೆ. ಮೊದಲ ವಾರ ತಲೆ ಚಿಟ್ಟು ಹಿಡಿಯುತ್ತದೆ. ಆದರೆ ನಿಮ್ಮ ಯಂತ್ರ ಯಾರ ಯಾರ ಜೊತೆ ಮಾತಾಡುತ್ತದೆ ಅಂತ ಒಮ್ಮೆ ನೋಡಲಾದರೂ ಹಾಕಿಕೊಳ್ಳಿ ಅನ್ನುತ್ತೇನೆ.

"ಈಗಾಗಲೇ ಅಂಥ ಸ್ಕ್ರಿಪ್ಟ್ ಓಡಿಸಿಬಿಟ್ಟಿದ್ರೆ ಏನು ಮಾಡೋದು ಸರ್?"

ಮೊದಲು ನೆಟ್‌ವರ್ಕ್ ಕಿತ್ತುಹಾಕಿ. ಬೇರೆ ಯಂತ್ರದಲ್ಲಿ ಕೂತು ಪಾಸ್‌ವರ್ಡ್‌ಗಳನ್ನು ಬದಲಿಸಿ, ಮುಖ್ಯವಾಗಿ ಈಮೇಲ್‌ದು. "ಎಲ್ಲ ಸಾಧನಗಳಿಂದ ಲಾಗ್‌ಔಟ್" ಅನ್ನುವ ಗುಂಡಿ ಇರುವ ಕಡೆಯೆಲ್ಲ ಅದನ್ನು ಒತ್ತಿ, ಕುಕಿ ಕದ್ದವನಿಗೆ ಪಾಸ್‌ವರ್ಡ್ ಬೇಕಾಗಿಲ್ಲ. ಆ ಯಂತ್ರದ ಎಸ್‌ಎಸ್‌ಎಚ್ ಕೀಲಿಯನ್ನು ಎಲ್ಲ ಸರ್ವರ್‌ಗಳಿಂದ ತೆಗೆದು ಹೊಸದು ಮಾಡಿಕೊಳ್ಳಿ. ಆಂಟಿವೈರಸ್ ಓಡಿಸಿ ಕ್ಲೀನ್ ಮಾಡಲು ಹೋಗಬೇಡಿ, ಡಿಸ್ಕ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಬ್ಯಾಕಪ್‌ನಿಂದ ಫೋಟೋ, ಕಡತಗಳನ್ನು ಮಾತ್ರ ತನ್ನಿ. ಬ್ಯಾಶ್‌ಆರ್‌ಸಿ, ಆಟೋಸ್ಟಾರ್ಟ್ ಫೋಲ್ಡರ್, ಸಿಸ್ಟಮ್‌ಡಿಯ ಯೂಸರ್ ಫೋಲ್ಡರ್, ಕ್ರಾನ್‌ಟ್ಯಾಬ್, ಅಂದರೆ ಪ್ರೋಗ್ರಾಮುಗಳನ್ನು ತಾನಾಗಿ ಓಡಿಸುವ ಇವನ್ನೆಲ್ಲ ಹಳೆಯದರಿಂದ ಎತ್ತಿ ತರಬೇಡಿ, ಹೊಸದಾಗಿ ಬರೆದುಕೊಳ್ಳಿ.